ಪೂಜೆಯ ದಿನದ ಡ್ಯುಯೆಟ್

ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಊರಿನ ಇನ್ನೊಂದು ತುದಿಯ ಆಲ್ಬನಿಯಿಂದ ಮಗಳ ಫೋನ್ ಬಂತು. ಕೈ ಒದ್ದೆ, ಸ್ಪೀಕರಿಗೆ ಹಾಕಿದೆ.

"ಅಮ್ಮಾ, ನಾವಿಬ್ರೂ ಸೆಪರೇಟ್ ಆಗ್ತಿದೀವಿ. ಅವ್ನು ಫ್ಲಾಟ್ ನೋಡ್ಕೊಂಡ."

"ಹೋದ ತಿಂಗಳು ಪೂಜೇಲಿ ಅಷ್ಟು ಚೆನ್ನಾಗಿ ಹಾಡಿದ್ರಲ್ಲೇ," ಅಂದೆ.

"ಅಮ್ಮಾ, ಅದು ಬ್ರೇಕಪ್ ಹಾಡು."

ನ್ಯೂ ಲಿನ್‌ನ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಮಂಗಳಾರತಿ ಆದ ಮೇಲೆ ಬಂದವರೆಲ್ಲ ಒಂದೊಂದು ಹಾಡು ಹೇಳಬೇಕು. ಅವತ್ತು ಮಗಳು ಅಳಿಯನನ್ನೂ ನಾನು ಬಿಡಲಿಲ್ಲ.

"ಅತ್ತೆ, ಜೊತೇಲಿ ನಮಗೆ ಬರೋದು ಒಂದೇ. ಇಲ್ಲಿಗೆ ಸರಿಹೋಗಲ್ಲ," ಅಂದ ಅಳಿಯ.

"ದೇವರಿಗೆ ಎಲ್ಲ ಭಾಷೇನೂ ಬರತ್ತಪ್ಪ, ಹಾಡಿ."

ತೊಂಬತ್ತರ ದಶಕದ ಯಾವುದೋ ಬ್ರಿಟಿಷ್ ಬ್ಯಾಂಡಿನ ಆಲ್ಬಮ್ಮಿನದಂತೆ ಆ ಹಾಡು. ಅದೊಂದು ಹಾಡಿಗೆ ಮಾತ್ರ ಹೊರಗಿನಿಂದ ಗಾಯಕಿಯನ್ನು ಕರೆಸಿದ್ದರಂತೆ. ಓದುವಾಗಿನಿಂದ ಇಬ್ಬರಿಗೂ ಅದು ಬಾಯಿಪಾಠ. ಅವನೊಂದು ಸಾಲು, ಇವಳೊಂದು ಸಾಲು. ಗಂಡು ಹೆಣ್ಣು ಸರದಿಯಲ್ಲಿ ಹಾಡಿದರೆ ಅದು ಪ್ರೇಮಗೀತೆಯೇ ಎಂದು ಸಿನಿಮಾ ನೋಡಿ ಬೆಳೆದವರು ನಾವು. ಪಕ್ಕದ ಮನೆಯ ಅಂಕಲ್, "ಮರ ಸುತ್ತೋದೊಂದು ಬಾಕಿ ನೋಡಿ," ಎಂದು ನಗಿಸಿದರು. ಕೊನೆಗೆ ಮಗಳ ದನಿ ಒಡೆಯಿತು. ನಾನು ದೃಷ್ಟಿ ತೆಗೆದು, ಮಾಡಿಕೊಂಡಿದ್ದ ವಿಡಿಯೋವನ್ನು 'ಆದರ್ಶ ದಂಪತಿ' ಎಂದು ಬರೆದು ನೆಂಟರ ಗ್ರೂಪಿಗೆ ಹಾಕಿದೆ.

ಅರ್ಥವಾಗಲಿಲ್ಲ ಎಂದರೆ ಸುಳ್ಳಾದೀತು. ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಆಡುವ ಈ ದೇಶದಲ್ಲಿದ್ದೇನೆ. ಮನೆಯ ಬೀಗದ ಕೈ ಹಿಂದಿರುಗಿಸುವ ಮಾತು ಅದರಲ್ಲಿತ್ತು, ಕಿವಿಗೆ ಬಿದ್ದಿತ್ತು. ನಾನು ಪ್ರಸಾದದ ತಟ್ಟೆ ಎಣಿಸುವವಳಂತೆ ತಲೆ ತಗ್ಗಿಸಿದೆ. ಆಮೇಲೆ ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತು, "ಅಮ್ಮಾ, ಒಂದು ವಿಷಯ..." ಎಂದಾಗ ಅವಳ ಕೈಗೆ ಸಜ್ಜಿಗೆಯ ಪಾತ್ರೆ ಕೊಟ್ಟಿದ್ದೆ. "ಮೊದ್ಲು ಇದು ಹಂಚು, ಜನ ಕಾಯ್ತಿದಾರೆ."

ಇಷ್ಟೆಲ್ಲ ನೆನಪಾದ ಮೇಲೂ ಫೋನಿನಲ್ಲಿ ನನ್ನ ಬಾಯಿಂದ ಬಂದದ್ದು, "ಆ ವಿಡಿಯೋ ಎಲ್ಲರೂ ನೋಡಿಬಿಟ್ಟಿದಾರಲ್ಲೇ."

ದೇವರ ದೀಪ ಕೈಯಲ್ಲಿ ಹಿಡಿದು ಆಡಿದ ಮಾತು ಅದು. ಬರೆಯುವಾಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಅವಳು ಫೋನ್ ಇಡಲಿಲ್ಲ, ಅದು ದೇವರ ದಯೆ. ಮೆಲ್ಲಗೆ ಕೇಳಿದಳು: "ನಾನು ಅಲ್ಲಿಗೆ ಬರ್ಬಹುದಾ?"

ತನ್ನ ಮನೆಗೆ ಬರಲು ಹೆತ್ತ ಮಗಳು ಅಪ್ಪಣೆ ಕೇಳುವಂತೆ ಮಾಡಿದ್ದೆ.

"ಬಾ ಕಂದಾ. ತಪ್ಪು ನಂದು. ಅವತ್ತೇ ನಿನ್ನ ಮಾತು ಕೇಳ್ಬೇಕಿತ್ತು."

"ಜನ ಏನಾದ್ರೂ ಕೇಳಿದ್ರೆ?"

"ನಾನು ಹೇಳ್ಕೋತೀನಿ. ನೀನು ಊಟಕ್ಕೆ ಬಾ."

"ಹನ್ನೊಂದರ ಬಸ್ಸಿಗೆ ಬರ್ತೀನಿ," ಅಂದಳು. ಅದು ಎರಡನೆಯ ದಯೆ.

ಹುಣಸೆಹಣ್ಣು ದೀಪಗಳ ಮೇಲೆ ಒಣಗತೊಡಗಿತ್ತು. ತೊಳೆದು, ಒರೆಸಿ, ಬೋರಲು ಹಾಕಿದೆ. ಆಮೇಲೆ ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಸೇರಿಸಿ ತೊಳೆಯಲು ಹೋದೆ.