ಅಡುಗೆಮನೆ ಗೋಡೆಯ ಜಿಡ್ಡು

ಮೊನ್ನೆ ನನ್ನ ಮಂಡಿನೋವಿಗೆಂದು ಸೊಸೆ ಗಾಣದ ಹರಳೆಣ್ಣೆ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಮಂದ ವಾಸನೆಗೆ ಮಧುಗಿರಿಯ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಕಣ್ಣಿಗೆ ಬಂತು. ಅದರ ಗೋಡೆಯ ಮೇಲಿದ್ದ ಅಂಗೈ ಅಗಲದ ಜಿಡ್ಡಿನ ಕಲೆ! ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಹೊಸದಾಗಿ ಸಂಸಾರ ಹೂಡಿದ್ದೆವು. ನಮ್ಮವರು ಸ್ಕೂಲ್ ಮೇಷ್ಟ್ರು. ಬಾಡಿಗೆಗೆ ಮನೆ ಸಿಗುವುದೇ ಕಷ್ಟವಾಗಿದ್ದ ಕಾಲ. ಸಿಕ್ಕಿದ ಮನೆಯ ಮಾಲೀಕರಿಗೋ ಗೋಡೆಯೆಂದರೆ ಪ್ರಾಣ. ಬೀಗದಕೈ ಕೊಡುವಾಗಲೇ, "ಯುಗಾದಿಗೆ ಬಂದು ನೋಡ್ತೀನಿ. ಗೋಡೆ ಜಿಡ್ಡಾಗಿದ್ರೆ ಬೇರೆ ಮನೆ ನೋಡ್ಕಳಿ" ಎಂದುಬಿಟ್ಟಿದ್ದರು. ಒಗ್ಗರಣೆ ಸಿಡಿದರೂ ನನ್ನ ಎದೆ ಹಾರುತ್ತಿತ್ತು.

ಎದುರುಮನೆಯಲ್ಲೊಬ್ಬರು ದೊಡ್ಡಮ್ಮ ಇದ್ದರು. ನನಗಷ್ಟೇ ಅಲ್ಲ, ಬೀದಿಗೆಲ್ಲ ದೊಡ್ಡಮ್ಮ. ಪಾವಗಡದ ಕಡೆಯವರು, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಅಡುಗೆಮನೆಗೆ ಬಂದು, ಒಲೆಯ ಪಕ್ಕದ ಗೋಡೆಗೆ ಒರಗಿ, ಕಾಲು ಚಾಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನೆತ್ತಿಗೆ ಸದಾ ಹರಳೆಣ್ಣೆ, ಕಿವಿಯ ಪಕ್ಕ ಇಳಿಯುವಷ್ಟು. ಜಿಡ್ಡು ತೆಗೆಯುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಎಣ್ಣೆ ಡಬ್ಬಿಗೆ ಸೀಗೆಪುಡಿ, ಬಾಣಲೆಗೆ ಬೂದಿ, ಸೀರೆಗೆ ತುಪ್ಪ ಬಿದ್ದರೆ ಕಡಲೆಹಿಟ್ಟು...

ಗೋಡೆಯ ಮೇಲೆ ಕಲೆ ಕಂಡಾಗ ನಾನು ಓಡಿದ್ದು ಅವರ ಹತ್ತಿರವೇ.

"ಇದು ಒಲೆ ಜಿಡ್ಡು ಕಣಮ್ಮಾಯಿ. ಕಡ್ಲೆಹಿಟ್ಟು ಕಲ್ಸಿ ಮೆತ್ತು, ಹೀರ್ಕಂಬುಡ್ತದೆ" ಎಂದರು.

ಮೆತ್ತಿದೆ. ಬೆಳಿಗ್ಗೆ ಕಲೆ ಕೊಂಚ ಮಾಸಿತ್ತು, ಸಂಜೆಗೆ ಮತ್ತೆ ಹಾಜರು. ಸೀಗೆಪುಡಿ ಹಚ್ಚಿದೆ, ಗೋಡೆಗೆ ಕಂದು ಬಣ್ಣ ಹತ್ತಿತು. ನಿಂಬೆಹಣ್ಣು ತಿಕ್ಕಿದರೆ ಸುಣ್ಣ ಬುಸುಬುಸು ನೊರೆಯೆದ್ದು ಕಿತ್ತುಬಂತು. ಮೇಲೆ ಸುಣ್ಣ ಬಳಿದೆ, ಜಿಡ್ಡು ಅದನ್ನೂ ನುಂಗಿತು. "ನಿನ್ ಕೈಯಾಗೆ ಕಸುವೇ ಇಲ್ಲ" ಎಂದು ದೊಡ್ಡಮ್ಮ ಗೋಡೆಗೆ ಒರಗಿಕೊಂಡೇ ನನ್ನನ್ನು ಬೈದರು.

ಆಗ ನೋಡಿದೆ. ಕಲೆ ಕಾಣುತ್ತಿರಲಿಲ್ಲ. ಅದರ ಮುಂದೆ ಸರಿಯಾಗಿ ದೊಡ್ಡಮ್ಮನ ತಲೆ ಇತ್ತು.

ದೊಡ್ಡವರಿಗೆ ಹೇಗೆ ಹೇಳುವುದು? ಬಾಗಿಲ ಬಳಿ ಚಾಪೆ ಹಾಸಿದೆ; "ಅಲ್ಲಿ ಬಿಸ್ಲು" ಎಂದು ತಮ್ಮ ಜಾಗಕ್ಕೇ ಬಂದರು. ಗೋಡೆಗೆ ಗೋಣಿಚೀಲ ತೂಗುಹಾಕಿದೆ. ಅದನ್ನೇ ಇಳಿಸಿ, ಮಡಿಚಿ, ಮೇಲೆ ಕೂತರು. ಕೊನೆಗೆ ಧೈರ್ಯ ಮಾಡಿ, "ದೊಡ್ಡಮ್ಮ, ಇದು ಯಾರದಾದ್ರೂ ತಲೆಗೆ ಹಚ್ಚಿದ ಎಣ್ಣೆ ಇರಬಹುದಾ?" ಎಂದೆ.

ಹಿಂದಕ್ಕೆ ತಿರುಗಿ ಕಲೆಯನ್ನು ಮೂಸಿ ನೋಡಿದರು. "ಹೌದು ಕಣೇ! ಗಂಡಸ್ರಿಗೆ ಗ್ಯಾನವೇ ಇರಲ್ಲ. ಇಲ್ಲಿ ಒರಗ್ಬ್ಯಾಡ ಅಂತ ನಿನ್ ಗಂಡಂಗೆ ಯೋಳು."

ನಮ್ಮವರು ಅಡುಗೆಮನೆಯ ಹೊಸಿಲು ದಾಟಿದವರೇ ಅಲ್ಲ. ಎಲ್ಲಿ ಹೋಗಿ ತಲೆ ಚಚ್ಚಿಕೊಳ್ಳಲಿ? ಗೋಡೆಗೆ ಚಚ್ಚಿಕೊಂಡರೆ ಅಲ್ಲೊಂದು ಕಲೆ!

ಯುಗಾದಿ ಹತ್ತಿರವಾಯಿತು. ನಾನು ದಿನಾ ಮನೆ ಖಾಲಿ ಮಾಡುವ ಕನಸು ಕಂಡು ಬೆವರುತ್ತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಮಗಳ ಬಾಣಂತನಕ್ಕೆಂದು ನಾಗಲಮಡಿಕೆಗೆ ಹೊರಟರು. ಬಸ್ಸಿಗೆ ಹೊತ್ತಾಗಿದ್ದರೂ ನಮ್ಮ ಮನೆಗೆ ಬಂದು, "ಒಲೆ ಬೂದಿಗೆ ಅಡ್ಗೆ ಸೋಡಾ ಬೆರ್ಸಿ ಗಟ್ಟಿಯಾಗಿ ಮೆತ್ತಮ್ಮಾಯಿ. ನಾ ಬರಾಹೊತ್ಗೆ ಹೋಗ್ದಿದ್ರೆ ಕೇಳು" ಎಂದು ಹೇಳಿಯೇ ಹೋದರು.

ಮೆತ್ತಿದೆ. ಒಣಗಿ ಉದುರಿದ ಹಾಗೆಲ್ಲ ಮತ್ತೆ ಮೆತ್ತಿದೆ. ಕಲೆ ಹೋಯಿತು, ಮೇಲೆ ಬಳಿದ ಸುಣ್ಣವೂ ನಿಂತಿತು. ಮಾಲೀಕರು ಬಂದರು, ಗೋಡೆ ಸವರಿದರು, ಬೆರಳು ನೋಡಿಕೊಂಡು ಹೋದರು. ಮನೆ ಉಳಿಯಿತು. ದೊಡ್ಡಮ್ಮ ಬಂದು ನೋಡಲಿ ಎಂದು ನನಗೆ ಒಂದೇ ಆತುರ. ಬಂದರೆ ಮತ್ತೆ ಅಲ್ಲೇ ಒರಗುತ್ತಾರಲ್ಲ ಎಂಬ ಸಂಕಟವೂ ಇತ್ತು, ಸುಳ್ಳೇಕೆ...

ಅವರು ಬರಲಿಲ್ಲ. ಜ್ವರ ಬಂದು ಮಗಳ ಮನೆಯಲ್ಲೇ ತೀರಿಕೊಂಡರೆಂಬ ಸುದ್ದಿ ಬಂತು. ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಆ ಬೆಳ್ಳನೆಯ ಗೋಡೆ ನೋಡುತ್ತಾ ಅತ್ತೆ. ಕಲೆ ಯಾಕೆ ಹೋಯಿತೆಂದು ನನಗೆ ಗೊತ್ತಿತ್ತು. ಆದರೂ ಕೇಳಿದವರಿಗೆಲ್ಲ, "ದೊಡ್ಡಮ್ಮ ಹೇಳಿಕೊಟ್ಟ ಬೂದಿ ಸೋಡಾ" ಎಂದೇ ಹೇಳಿದೆ.

ಮೊನ್ನೆ ಮಂಡಿಗೆ ಹಚ್ಚಿ ಉಳಿದ ಎಣ್ಣೆಯನ್ನು ನೆತ್ತಿಗೆ ತಟ್ಟಿಕೊಂಡೆ. ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಸುಮ್ಮನೆ ಕೂತೆ. ಎದ್ದು ನೋಡಿದರೆ ಬಿಳಿ ಟೈಲ್ಸ್ ಮೇಲೆ ಎಣ್ಣೆಯ ಗುರುತು. ಇನ್ನೂ ಸರಿಯಾಗಿ ನೋಡಿರಲಿಲ್ಲ, ಸೊಸೆ ಅದೇನೋ ಚಿಮುಕಿಸಿ ಒಂದೇ ಸಲಕ್ಕೆ ಒರೆಸಿಬಿಟ್ಟಳು.

"ಹೋಯ್ತು ಬಿಡಿ ಅತ್ತೆ" ಎಂದಳು. ಅವಳ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.