ಚಂದನಾಳ ಹೊಟ್ಟೆನೋವು

“ಮಿಸ್, ಒಟ್ಟೆ ನೋಯ್ತದೆ.”

ವಿಜಯಪುರದಿಂದ ವರ್ಗವಾಗಿ ಬಂದು ಬಿಂಡಿಗನವಿಲೆ ಹತ್ತಿರದ ಶಾಲೆಗೆ ಕಾಲಿಟ್ಟ ಮೊದಲ ಬೆಳಿಗ್ಗೆ, ಐದನೇ ತರಗತಿಯ ಚಂದನಾ ಹೀಗೆಂದಾಗ ನನಗೆ ಅರ್ಥವೇ ಆಗಲಿಲ್ಲ. ಇಷ್ಟು ವರ್ಷ ಕನ್ನಡವನ್ನೇ ಕಲಿಸಿದವಳು ನಾನು! ಇಲ್ಲಿನವರ ಬಾಯಲ್ಲಿ ‘ಹ’ ಉಳಿಯುವುದಿಲ್ಲ, ಹೊಟ್ಟೆ ಒಟ್ಟೆಯಾಗುತ್ತದೆ ಎಂದು ಹೊಳೆಯಲು ಕೊಂಚ ಹೊತ್ತು ಬೇಕಾಯಿತು. “ಎಲ್ಲಿ ನೋಯಾಕತ್ತೈತವಾ?” ಎಂದು ಕೇಳಿದ್ದೇ ತಡ, ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಚಂದನಾ ಮಾತ್ರ ನಗಲಿಲ್ಲ.

ಬಾಡಿಗೆ ಕೋಣೆ ನಾಗಮಂಗಲದಲ್ಲಿ ಸಿಕ್ಕಿತು. ಮನೆಯೊಡತಿ ಕೊಟ್ಟ ರಾಗಿಮುದ್ದೆಯನ್ನು ರೊಟ್ಟಿಯಂತೆ ಅಗಿದೆ. “ನುಂಗ್ಬೇಕು ಕಣವ್ವ” ಎಂದು ಆಕೆ ನಕ್ಕರು. ರೊಟ್ಟಿ ಬಡಿಯುವ ಸದ್ದಿಗೆ ಏಳುತ್ತಿದ್ದವಳಿಗೆ ಇಲ್ಲಿನ ಬೆಳಗು ಮೂಕವೆನಿಸುತ್ತಿತ್ತು.

ಚಂದನಾಳ ನೋವು ದಿನವೂ ಪ್ರಾರ್ಥನೆ ಮುಗಿಯುತ್ತಲೇ ಶುರು. ಮನೆಗೆ ಕಳಿಸುವವರೆಗೂ ಬಿಡದು. ಆಸ್ಪತ್ರೆಯಲ್ಲಿ ಏನೂ ಇಲ್ಲವೆಂದರು. “ನಾಟ್ಕ ಬುಡಿ ಮೇಡಂ” ಎಂದರು ಸಹೋದ್ಯೋಗಿ. ಒಂದೇ ಕೋಣೆಯಲ್ಲಿ ಎರಡು ತರಗತಿ ನೋಡಿ ದಣಿದಿದ್ದ ನನಗೂ ಹಾಗೇ ನಂಬಿಬಿಡುವ ಆಸೆಯಾಗಿತ್ತು. ಆದರೂ ಒಂದು ದಿನ ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ, “ಮನೀಗೆ ಹೋಗಿ ಏನ್ ಮಾಡ್ತಿ?”

“ಅವ್ವ ಅವ್ಳಾ ಅಂತ ನೋಡ್ತೀನಿ.” ‘ಅವ್ಳಾ’ ಎಂದರೆ ಇಲ್ಲಿ ‘ಇದ್ದಾಳಾ’.

ಹಿಂದಿನ ವರ್ಷ ಅವಳು ಶಾಲೆಯಲ್ಲಿದ್ದಾಗಲೇ ಅವಳಪ್ಪ ಹೊಲದಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರಂತೆ.

ತಾಯಿ ಜಯಮ್ಮನನ್ನು ಕರೆಸಿದೆ. “ಮನೇಲಿ ಅವ್ರ ಸುದ್ದೀನೇ ಎತ್ತಲ್ಲ ಮಿಸ್. ಮಗ ಅಳ್ತದೆ ಅಂತ” ಎಂದರು. ಇಲ್ಲಿ ಹುಡುಗಿಯನ್ನೂ ‘ಮಗ’ ಎನ್ನುತ್ತಾರೆ.

ಚಂದನಾ ತಲೆ ತಗ್ಗಿಸಿಯೇ ಹೇಳಿದಳು: “ನೀನು ಅಳ್ತೀಯ ಅಂತ ನಾನೂ ಎತ್ತಲ್ಲ.”

ಇಬ್ಬರೂ ಅತ್ತರು. ನಾನು ತಡೆಯಲಿಲ್ಲ.

ಅಂದಿನಿಂದ ಜಯಮ್ಮ ಮಧ್ಯಾಹ್ನ ಊಟದ ಹೊತ್ತಿಗೆ ಕುರಿ ಹೊಡೆದುಕೊಂಡು ಶಾಲೆಯ ಬೇಲಿಯ ಬಳಿ ಬಂದು ಮುಖ ತೋರಿಸಿ ಹೋಗತೊಡಗಿದರು. ಮನೆಯಲ್ಲಿ ಅಪ್ಪನ ಮಾತೂ ಶುರುವಾಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಚಂದನಾ ಸಂಜೆಯ ಗಂಟೆಯವರೆಗೆ ಕೂರುವಂತಾದಳು. ಕೆಲವು ದಿನ ಬೆಳಿಗ್ಗೆ ನೋವು ಈಗಲೂ ಬರುತ್ತದೆ. ಆಗ ಪಕ್ಕದಲ್ಲಿ ಕೂರುತ್ತೇನೆ, ಅಷ್ಟೇ. ಅದೇ ತರಗತಿಯಲ್ಲಿ ಬಾಯಿಯೇ ಬಿಡದ ಇನ್ನೊಬ್ಬಳಿದ್ದಾಳೆ, ಸಿಕ್ಕವರಿಗೆಲ್ಲ ಹೊಡೆಯುವವನೊಬ್ಬನಿದ್ದಾನೆ. ಸಂಜೆ ಬಸ್ಸಿನಲ್ಲಿ ನಿಲ್ಲಲೂ ತ್ರಾಣವಿರುವುದಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆ. ರಜೆಯ ಕೊನೆಯಲ್ಲಿ ಜಯಮ್ಮನ ಫೋನಿನಿಂದ ಚಂದನಾ ಕರೆ ಮಾಡಿದಳು. “ಮಿಸ್, ಯಾವಾಗ ಬತ್ತೀರಾ?” ಪಕ್ಕದಲ್ಲೇ ಕೂತಿದ್ದ ನನ್ನವ್ವ ಅದೇ ಗಳಿಗೆಯಲ್ಲಿ, “ಇನ್ನೂ ನಾಕ್ ದಿನ ಇರ್ತಿ ಹೌದಿಲ್ಲೊ?” ಅಂದಳು.

“ನಾಳೆ ಸಂಜೆ ಬಸ್ಸು” ಎಂದೆ. ಅತ್ತ ಚಂದನಾ ಕೂಗಿ ತಾಯಿಗೆ ಹೇಳುವುದು ಕೇಳಿಸಿತು. ಇತ್ತ ಅವ್ವ ಎದ್ದು ಒಳಗೆ ಹೋದಳು.