ಬಲ್ಬಿನ ಬೀರುವಿನಲ್ಲಿ ಒಂದು ಕಂಪ್ಯೂಟರ್

ನಮ್ಮ ಮನೆಯಲ್ಲಿ ಯಾವುದಕ್ಕೆ ಎಷ್ಟು ಮರ್ಯಾದೆ ಅಂತ ತಿಳಿಯಬೇಕಾದರೆ ಮಳೆಗಾಲದಲ್ಲಿ ಬರಬೇಕು. ಮಾದಾಪುರದ ಈ ಕಡೆ ಜೂನ್ ಕಾಲಿಟ್ಟಿತು ಅಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಯ ಮೇಲೆ ಫೋಟೋದಲ್ಲಿ ಗಂಭೀರವಾಗಿ ಕೂತ ಹಿರಿಯರ ಮುಖಕ್ಕೂ ಬೂಷ್ಟು. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಇದರಿಂದ ಪಾರಾಗುವ ಜಾಗ ಮನೆಯಲ್ಲಿ ಒಂದೇ, ಅದು ನಮ್ಮ ಮಾವನವರ ಕೋಣೆಯಲ್ಲಿರುವ ಬೀಟೆ ಮರದ ಬೀರು. ಅದರೊಳಗೆ ಒಂದು ಬಲ್ಬು ಮಳೆಗಾಲ ಮುಗಿಯುವವರೆಗೆ ಹಗಲೂ ರಾತ್ರಿ ಉರಿಯುತ್ತದೆ. ಆ ಕಾವಿಗೆ ಒಳಗಿರುವುದೆಲ್ಲ ಗರಿಗರಿಯಾಗಿರುತ್ತದೆ.

ಈಗಿನ ಎಲ್‌ಇಡಿ ಬಲ್ಬು ಬಿಸಿಯಾಗುವುದಿಲ್ಲ, ಹಾಗಾಗಿ ಮಾವನವರ ಲೆಕ್ಕದಲ್ಲಿ ಅದು ಬಲ್ಬೇ ಅಲ್ಲ. ಹಳೇ ಕಾಲದ ತಂತಿ ಬಲ್ಬು ಯಾವ ಅಂಗಡಿಯಲ್ಲಿ ಕಂಡರೂ ಇದ್ದಷ್ಟನ್ನೂ ತಂದು, ಬಟ್ಟೆಯಲ್ಲಿ ಸುತ್ತಿ, ಮೊಟ್ಟೆ ಇಟ್ಟ ಹಾಗೆ ಅಟ್ಟದ ಮೇಲೆ ಇಡುತ್ತಾರೆ. ಬೀರುವಿನೊಳಗೆ ಅವರ ಉಣ್ಣೆ ಕೋಟು, ಮದುವೆಯ ಪೇಟ, ತೋಟದ ಪತ್ರಗಳು, ಮಾತಾಡುವುದನ್ನು ನಿಲ್ಲಿಸಿ ಯಾವುದೋ ಕಾಲವಾದ ಒಂದು ರೇಡಿಯೋ ಇವೆ. ನಾನು ಸೊಸೆಯಾಗಿ ಬಂದು ಎಷ್ಟೋ ವರ್ಷದ ಮೇಲೆ ನನ್ನ ರೇಷ್ಮೆ ಸೀರೆಗಳಿಗೆ ಕೆಳಗಿನ ಅರೆಯಲ್ಲಿ ಅರ್ಧ ಜಾಗ ಮಂಜೂರಾಯಿತು. ನನ್ನ ಗಂಡನ ಪ್ಯಾಂಟುಗಳಿಗೆ ಇವತ್ತಿಗೂ ಪ್ರವೇಶವಿಲ್ಲ. ಮಗ ಅಂದ ಮಾತ್ರಕ್ಕೆ ಬೀರು ಸಿಕ್ಕಿಬಿಡುತ್ತದೆಯೇ?

ಇಂಥ ಮನೆಯಲ್ಲಿ ನನ್ನ ಮಗಳಿಗೆ ಒಂದು ಕಂಪ್ಯೂಟರ್ ಬೇಕಾಯಿತು.

ಅವಳು ಮಡಿಕೇರಿಯಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಿದ್ದಳು. ಅಂದರೆ ಮನೆಯ ಒಳಗೆ ಏನು ಎಲ್ಲಿರಬೇಕು ಅನ್ನುವ ವಿದ್ಯೆ. ಅದನ್ನೂ ಕಾಲೇಜಿಗೆ ಹೋಗಿ ಕಲಿಯಬೇಕೇ ಎಂದು ಮಾವನವರು ಮೊದಲ ದಿನವೇ ಕೇಳಿದ್ದರು. ಆಮೇಲೆ ಷರತ್ತಿನ ಮೇಲೆ ಒಪ್ಪಿದರು. ಒಂದು ವರ್ಷ ಫೇಲಾದರೂ ಬಸ್ ಪಾಸು ವಾಪಸ್, ಹುಡುಗಿ ಮನೆಗೆ. ಮಾವನವರು ಷರತ್ತು ಹಾಕಿದರೆ ಅದು ಹಾಕಿದ ಹಾಗೆ. ತೋಟ ಅವರ ಹೆಸರಿನಲ್ಲಿದೆ, ಹೊರಗಿನವರ ಎದುರು ಅದನ್ನು ಅವರು ಎಸ್ಟೇಟ್ ಅನ್ನುತ್ತಾರೆ, ನಮ್ಮ ಎದುರು ಬರೀ ಸಾಲ ಅನ್ನುತ್ತಾರೆ. ಕೊನೆಯ ವರ್ಷ ಅವಳು ಒಂದು ಇಡೀ ಮನೆಯ ಒಳಾಂಗಣವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಫೋಟೋ ತೆಗೆದ ಹಾಗೆ ಚಿತ್ರ ಮಾಡಿ ಕೊಡಬೇಕಿತ್ತು. ಕಾಲೇಜಿನ ಲ್ಯಾಬು ನಮ್ಮ ಊರಿನ ಕೊನೇ ಬಸ್ಸಿಗೂ ಮೊದಲೇ ಬಾಗಿಲು ಹಾಕುತ್ತಿತ್ತು. ಪ್ರಾಜೆಕ್ಟ್ ಕೊಡದಿದ್ದರೆ ವರ್ಷ ಹೋದ ಹಾಗೆ, ವರ್ಷ ಹೋದರೆ ಓದು ಹೋದ ಹಾಗೆ.

ಲ್ಯಾಪ್‌ಟಾಪಿನ ಬೆಲೆ ಕೇಳಿ ಮಾವನವರು ಕೆಮ್ಮಿದರು. ಕಳೆ ಕೊಚ್ಚುವ ಮೆಷಿನ್ನಿಗಿಂತ ಜಾಸ್ತಿಯಾಗಬಾರದು ಅಂತ ಬಜೆಟ್ ಮಂಡಿಸಿದರು. ಮಗಳು ವಾರಗಟ್ಟಲೆ ಫೋನಿನಲ್ಲಿ ವಿಡಿಯೋ ನೋಡಿ, ಬಿಡಿಭಾಗ ತಂದು ನಾನೇ ಜೋಡಿಸಿದರೆ ಆ ದುಡ್ಡಿನಲ್ಲೇ ಆಗುತ್ತದೆ ಎಂದಳು. ಅಷ್ಟು ಹೇಳಿದ್ದೇ ತಪ್ಪಾಯಿತು. ಜೋಡಿಸುವುದು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಯ ಗಂಡಸರೆಲ್ಲ ಇಂಜಿನಿಯರುಗಳಾದರು. ನನ್ನ ಗಂಡ ಪಂಪ್‌ಸೆಟ್ ರಿಪೇರಿ ಮಾಡಿದ ಅನುಭವ ತಂದರು. ನನ್ನ ಮೈದುನ ಒಂದು ಕಾಲದಲ್ಲಿ ಸೈಬರ್ ಸೆಂಟರ್ ಇಟ್ಟು ಮುಚ್ಚಿದವನು, ಮುಚ್ಚಿದ ಅನುಭವವನ್ನು ತಂದ.

ಎಲ್ಲರೂ ಕೂಡಿ ಮಡಿಕೇರಿಯ ಅಂಗಡಿಗೆ ಹೋದೆವು. ಹೆಣ್ಣು ನೋಡಲು ಹೋಗುವಾಗಲೂ ನಮ್ಮ ಕಡೆ ಇಷ್ಟು ಜನ ಹೋಗುವುದಿಲ್ಲ. ಮಗಳು ಕೇಳಿದ ಪ್ರಶ್ನೆಗೆಲ್ಲ ಅಂಗಡಿಯವನು ನನ್ನ ಗಂಡನ ಮುಖ ನೋಡಿ ಉತ್ತರ ಕೊಡುತ್ತಿದ್ದ. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಏನು ಅರ್ಥವಾಯಿತು ಅಂತ ಬಸ್ಸಿನಲ್ಲಿ ಕೇಳಿದೆ.

"ಒಳ್ಳೆ ಮನುಷ್ಯ" ಎಂದರು.

ಅಂಗಡಿಯಲ್ಲಿ ಮಗಳಿಗೆ ರ‍್ಯಾಮ್ ಜಾಸ್ತಿ ಬೇಕಿತ್ತು. ಮೈದುನನಿಗೆ ಬಣ್ಣಬಣ್ಣದ ದೀಪ ಮಿನುಗುವ ಕ್ಯಾಬಿನೆಟ್, ಅಂದರೆ ಮೆಷಿನ್ನಿನ ಪೆಟ್ಟಿಗೆ, ಬೇಕಿತ್ತು. ಕಂಪ್ಯೂಟರು ನೋಡಿದ ಕೂಡಲೇ ಕಂಪ್ಯೂಟರು ಅನ್ನಿಸಬೇಕಲ್ಲ ಅನ್ನುವುದು ಅವನ ವಾದ. ಅವಳು ಅವನ ಜೊತೆ ಜಗಳವಾಡಲಿಲ್ಲ. ಚಿಕ್ಕಪ್ಪ, ಆ ದೀಪಕ್ಕೆ ಕರೆಂಟು ಬಿಲ್ಲು ಜಾಸ್ತಿ ಬರುತ್ತದೆ ಎಂದು ಮಾವನವರಿಗೆ ಕೇಳಿಸುವ ಹಾಗೆ ಹೇಳಿದಳು. ದೀಪದ ವಿಷಯ ಅಲ್ಲಿಗೆ ಮುಗಿಯಿತು. ಈ ಬುದ್ಧಿ ಅವಳಿಗೆ ಎಲ್ಲಿಂದ ಬಂತು ಅಂತ ಯಾರೂ ನನ್ನನ್ನು ಕೇಳಲಿಲ್ಲ.

ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಸ್ಕ್ರೂಡ್ರೈವರ್ ಹಿಡಿದದ್ದು ಮಗಳು, ಉಪದೇಶ ಹಿಡಿದದ್ದು ಉಳಿದವರು. ಪ್ರೊಸೆಸರನ್ನು ಡಬ್ಬಿಯಿಂದ ತೆಗೆದಾಗ ಮಾವನವರು ಕನ್ನಡಕ ಏರಿಸಿ ನೋಡಿ, "ಇಷ್ಟೇ ಇಷ್ಟುದ್ದಕ್ಕೆ ಅಷ್ಟು ದುಡ್ಡಾ? ಪೊಟ್ಟಣದಾಗೆ ಇನ್ನೇನಾದ್ರೂ ಉಳ್ಕಂಡದಾ ನೋಡವ್ವ" ಎಂದರು. ಅವಳು ಪೊಟ್ಟಣವನ್ನು ತಲೆಕೆಳಗು ಮಾಡಿ ತೋರಿಸಿದಳು. ಮೆಷಿನ್ ಮೊದಲನೇ ಸಲಕ್ಕೇ ಚಾಲೂ ಆಯಿತು. ಮಾವನವರು ಎದ್ದು ಹೋಗಿ ವಿಭೂತಿ ತಂದು ಕ್ಯಾಬಿನೆಟ್ಟಿನ ಹಣೆಗೆ ಮೂರು ಗೆರೆ ಎಳೆದರು. ಹಣೆಯ ಹಿಂದೆಯೇ ಫ್ಯಾನ್ ಇದ್ದದ್ದರಿಂದ ಅರ್ಧ ವಿಭೂತಿ ಒಳಗೆ ಹೋಯಿತು. ಅದೂ ಒಳ್ಳೆಯದೇ ಅಂದರು.

ಇಷ್ಟರವರೆಗೆ ನನಗೆ ನಗು ಬರುತ್ತಿತ್ತು. ಆಮೇಲೆ ಅವರು ಮಾಡಿದ ಕೆಲಸಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಮ್ಮ ಬೀರು ತೆರೆದು, ನಡುವಿನ ಅರೆಯಿಂದ ಉಣ್ಣೆ ಕೋಟು, ಪೇಟ, ರೇಡಿಯೋ ಎಲ್ಲ ತೆಗೆದು ಮಂಚದ ಮೇಲಿಟ್ಟರು. ಮಂಚದ ಮೇಲೆ ಅವಕ್ಕೆ ಬೂಷ್ಟು ಹಿಡಿಯುವುದು ಖಂಡಿತ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಖಾಲಿ ಅರೆಯನ್ನು ಪಂಚೆಯ ತುದಿಯಿಂದ ಒರೆಸಿ, "ಇಲ್ಲಿಕ್ಕವ್ವ. ಮಳೆ ಮುಗಿಯಗಂಟ ಇದ್ಕೆ ತಂಡಿ ತಾಗಬಾರ್ದು" ಎಂದರು.

ಮಾನಿಟರ್ ಹೊರಗೆ ಮೇಜಿನ ಮೇಲೆ, ಮೆಷಿನ್ ಬಲ್ಬಿನ ಬಿಸಿಯಲ್ಲಿ, ತಂತಿಗಳು ಬಾಗಿಲ ಸಂದಿನಲ್ಲಿ. ಬೀರುವಿನ ಬಾಗಿಲು ಮುಚ್ಚಿದರು. ಮಗಳು ನನ್ನ ಮುಖ ನೋಡಿದಳು. ಅವಳ ಓದಿನ ಬಗ್ಗೆ ಅಲ್ಲಿಯವರೆಗೆ ಒಂದು ಒಳ್ಳೆ ಮಾತು ಆಡದ ಅಜ್ಜ ಅವಳಿಗೆ ಮನೆಯ ಅತಿ ದೊಡ್ಡ ಪದವಿ ಕೊಟ್ಟಿದ್ದರು. ಬೇಡ ಅನ್ನುವ ಬಾಯಿ ಯಾರಿಗಿದೆ?

ಚಿಕ್ಕಪುಟ್ಟ ಕೆಲಸ ಮಾಡುವಾಗ ಮೆಷಿನ್ ಸುಮ್ಮನಿತ್ತು. ಅವಳು ಮನೆ ಕಟ್ಟಿ ಮುಗಿಸಿ, ಅದನ್ನು ಚಿತ್ರ ಮಾಡು ಅಂತ ಹೇಳಿದ ಕೂಡಲೇ ಫ್ಯಾನು ಕೂಗಿಕೊಂಡಿತು, ಸ್ವಲ್ಪ ಹೊತ್ತಿಗೆ ಎಲ್ಲ ಆರಿಹೋಯಿತು. ಮತ್ತೆ ಹಾಕಿದಳು, ಮತ್ತೆ ಆರಿತು. ತಜ್ಞರ ಸಮಿತಿ ಸೇರಿತು. ಗಂಡ ವೋಲ್ಟೇಜು ಎಂದರು, ಫ್ರಿಜ್ಜಿನ ಸ್ಟೆಬಿಲೈಜರ್ ಕಿತ್ತು ತಂದು ಇದಕ್ಕೆ ಹಾಕಿದರು, ಹಾಲು ಒಡೆಯಿತು. ಮೈದುನ ವೈರಸ್ ಎಂದ. ಸೈಬರ್ ಸೆಂಟರ್ ಮುಚ್ಚಿದ್ದೂ ವೈರಸ್ಸಿನಿಂದಲೇ ಅಂತ ನಮಗೆ ಆವತ್ತು ಗೊತ್ತಾಯಿತು. ಮಾವನವರಿಗೆ ಮಾತ್ರ ಸಂಶಯವೇ ಇರಲಿಲ್ಲ. ತಂಡಿ ಒಳಗೆ ನುಗ್ಗುತ್ತಿದೆ ಎಂದು ಇನ್ನೂ ಜೋರಾದ ಬಲ್ಬು ಹಾಕಿ, ಬಾಗಿಲ ಸಂದಿಗೆ ಹಳೇ ಬನಿಯನ್ ತುರುಕಿದರು. ಆಮೇಲೆ ಅದು ಮೊದಲಿಗಿಂತ ಬೇಗ ಆರತೊಡಗಿತು.

"ಅಮ್ಮ, ಅದಕ್ಕೆ ಸೆಖೆ ಆಗ್ತಿದೆ. ಒಳಗೆ ಒಲೆ ಇದ್ದ ಹಾಗಿದೆ" ಎಂದಳು ಮಗಳು, ಅಡುಗೆಮನೆಗೆ ಬಂದು, ಮೆಲ್ಲಗೆ.

"ತಾತನಿಗೆ ಹೇಳು."

"ನೀನೇ ಹೇಳು."

ನಾನು ನನ್ನ ಗಂಡನಿಗೆ, ನೀವು ಹೇಳಿ ಎಂದೆ. ಅವರು ತಮ್ಮನಿಗೆ ವಹಿಸಿದರು. ಮೈದುನ ಆ ಸಂಜೆಯೇ ಅರ್ಜೆಂಟಾಗಿ ಸೋಮವಾರಪೇಟೆಗೆ ಹೋದ. ಮಾವನವರು ತೋಟಕ್ಕೆ ಹೋದಾಗ ನಾವು ಬಾಗಿಲು ತೆರೆಯುವುದು, ಅವರು ಬಂದವರೇ ಇಷ್ಟು ಹೇಳಿದರೂ ಬುದ್ಧಿಯಿಲ್ಲ ಅಂತ ಮುಚ್ಚುವುದು, ಹೀಗೆ ನಡೆಯಿತು. ಮಳೆಗೆ ಅವರು ತೋಟಕ್ಕೆ ಹೋಗುವುದೂ ಕಮ್ಮಿಯಾಯಿತು. ಕೋಣೆಯಲ್ಲೇ ಕುರ್ಚಿ ಹಾಕಿ ಮೆಷಿನ್ನಿಗೆ ಕಾವಲು ಕೂತರು. ಪ್ರಾಜೆಕ್ಟ್ ಕೊಡುವ ದಿನ ಹತ್ತಿರ ಬಂತು. ಒಂದೇ ಒಂದು ಚಿತ್ರವೂ ಪೂರ್ತಿಯಾಗಿರಲಿಲ್ಲ. ಮಗಳು ಊಟ ಬಿಟ್ಟಳು. ನನಗೆ ಭಯವಾಯಿತು, ಸಿಟ್ಟೂ ಬಂತು.

ಸಿಟ್ಟು ಯಾಕೆ ಅಂದರೆ, ನಾನೂ ಒಂದು ಕಾಲದಲ್ಲಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆಯಿಂದಲೇ ಓದು ಮುಗಿಸಲಿ ಬಿಡಿ ಎಂದು ನಿಶ್ಚಿತಾರ್ಥದ ದಿನ ಮಾವನವರು ಎಲ್ಲರೆದುರು ದೊಡ್ಡ ಮನಸ್ಸು ಮಾಡಿದ್ದರು. ಮದುವೆಯಾದದ್ದು ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯದಲ್ಲಿ. ಆಳುಗಳ ಮೇಲೆ ನಿಗಾ ಇಡಲು ಜನ ಬೇಕಿತ್ತು. ಪಿಕಿಂಗ್ ಮುಗಿದ ಮೇಲೆ ಪರೀಕ್ಷೆ ಬರೆದರಾಯಿತು ಎಂದರು. ಪರೀಕ್ಷೆ ನಮ್ಮ ಪಿಕಿಂಗಿಗಾಗಿ ಕಾಯಲಿಲ್ಲ. ಮುಂದಿನ ವರ್ಷ ಎಂದರು, ಮುಂದಿನ ವರ್ಷ ಹೊಟ್ಟೆಯಲ್ಲಿ ಮಗಳಿದ್ದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನದು ಬಾಯಿ ಜಾಸ್ತಿ ಅಂತ ನೆಂಟರೆಲ್ಲ ಹೇಳುತ್ತಾರೆ, ಆದರೆ ಆ ಒಂದು ವಿಷಯಕ್ಕೆ ಮಾತ್ರ ಬಾಯಿ ಇರಲಿಲ್ಲ.

ಮಗಳು ಪಾಸಾದಳು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಚಿತ್ರಗಳನ್ನು ಹೇಳಿದ ದಿನಕ್ಕೇ ಕೊಟ್ಟಳು, ಒಳ್ಳೆ ಮಾರ್ಕ್ಸೂ ಬಂತು. ಮೈದುನ ಅದನ್ನು ತನ್ನ ಮಾರ್ಗದರ್ಶನದ ಫಲ ಎಂದು ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ನಾನು ಹೇಳಬೇಕಾದ್ದು ಅದರ ಹಿಂದಿನ ದಿನಗಳ ಒಂದು ಮಧ್ಯಾಹ್ನ.

ಆ ಮಧ್ಯಾಹ್ನ ಚಿತ್ರ ಮುಕ್ಕಾಲು ಆಗಿ ಮತ್ತೆ ಆರಿಹೋಯಿತು. ಮಾವನವರು ಬಾಗಿಲಿಗೆ ಇನ್ನೊಂದು ಬನಿಯನ್ ಹುಡುಕಲು ಎದ್ದರು. ಮಗಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಬೀರುವಿನ ಬಾಗಿಲು ಪೂರ್ತಿ ತೆರೆದು, ಅಜ್ಜನ ಕೈ ಹಿಡಿದು ಕ್ಯಾಬಿನೆಟ್ಟಿನ ಮೇಲೆ ಇಟ್ಟಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ತಾತ, ಇದಕ್ಕೆ ತಂಡಿ ಅಲ್ಲ, ಬಿಸಿ ಜಾಸ್ತಿ ಆಗಿದೆ. ಇದೇ ಒಂದು ಬಲ್ಬಿನ ಹಾಗೆ ಬಿಸಿ ಬಿಡ್ತದೆ. ನೀವು ಇನ್ನೊಂದು ಬಲ್ಬು ಇಟ್ಟಿದೀರಿ. ನನ್ನ ಪ್ರಾಜೆಕ್ಟ್ ಆಗ್ತಾ ಇಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನೀವು ಕೋಟು ತೆಗೆದು ಜಾಗ ಮಾಡಿ ಕೊಟ್ಟಿದ್ರಲ್ಲ."

ಮಾವನವರು ಬೆನ್ನು ತಿರುಗಿಸಿ ಹೊರಗೆ ಹೋದರು. ಮುಗಿಯಿತು ಕಥೆ, ಬೀರೂ ಹೋಯಿತು, ಓದೂ ಹೋಯಿತು ಅಂದುಕೊಂಡೆ. ನನ್ನ ಗಂಡ ಅಷ್ಟರಲ್ಲಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದರು. ಮಾವನವರು ವಾಪಸ್ ಬಂದಾಗ ಕೈಯಲ್ಲಿ ಗರಗಸವಿತ್ತು. ಪಂಚೆಯಿಂದ ಹಿಡಿದು ಬಲ್ಬನ್ನು ತಿರುಗಿಸಿ ತೆಗೆದರು. ಬೀರುವನ್ನು ಗೋಡೆಯಿಂದ ಎಳೆಯಿರಿ ಎಂದರು. ನಾನೂ ಮಗಳೂ ಎಳೆದೆವು. ಅದು ಅವರ ತಾಯಿಯ ಬೀರು. ಅದಕ್ಕೊಂದು ಮೊಳೆ ಹೊಡೆಯಲು ಹೋದ ತಪ್ಪಿಗೆ ನನ್ನ ಗಂಡ ಚಿಕ್ಕವರಿದ್ದಾಗ ಪೆಟ್ಟು ತಿಂದಿದ್ದರಂತೆ. ಅದರ ಬೆನ್ನಿನ ಹಲಗೆಯ ಮೇಲೆ ಮಾವನವರು ಗರಗಸ ಇಟ್ಟರು.

"ಹೊರಗೆ ಮೇಜಿನ ಮೇಲೆ ಇಟ್ಟರಾಗೋದಿಲ್ವಾ, ಮಾವ?" ಎಂದೆ. ಯಾರಾದರೂ ಕೇಳಲೇಬೇಕಿತ್ತು.

"ಬೂಷ್ಟು ಹಿಡಿತದೆ" ಎಂದರು, ನಾನು ತೀರಾ ದಡ್ಡಿ ಅನ್ನುವ ಹಾಗೆ.

ಹಲಗೆ ಅಲ್ಲಾಡುತ್ತಿತ್ತು, ಹಿಡಿದುಕೋ ಎಂದರು. ಹಿಡಿದುಕೊಂಡೆ. ಬೀಟೆ ಮರ ಕೊಯ್ಯುವುದು ಸುಲಭವಲ್ಲ. ಅವರ ವಯಸ್ಸಿಗೆ ಮೈಯೆಲ್ಲ ಬೆವೆತಿತ್ತು, ಆದರೂ ಮೊಮ್ಮಗಳ ಕೈಗೆ ಗರಗಸ ಕೊಡಲಿಲ್ಲ. ಅವಳು ಪಕ್ಕದಲ್ಲಿ ಕೂತು ಪೆನ್ಸಿಲಿನಲ್ಲಿ ಗೆರೆ ಎಳೆದು, ಇಲ್ಲಿಯವರೆಗೆ ಸಾಕು ತಾತ, ಫ್ಯಾನಿನ ಗಾಳಿ ಹೋಗಲು ಇಷ್ಟು ಸಾಕು ಅನ್ನುತ್ತಿದ್ದಳು. ಅವರು ಅವಳ ಗೆರೆಯ ಮೇಲೆಯೇ ಕೊಯ್ಯುತ್ತಿದ್ದರು. ನಾನು ಅದುವರೆಗೆ ಅವರು ಇನ್ನೊಬ್ಬರ ಗೆರೆಯ ಮೇಲೆ ಕೆಲಸ ಮಾಡಿದ್ದನ್ನು ನೋಡಿರಲಿಲ್ಲ. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ನನ್ನ ಸ್ವಂತ ಮಗಳ ಮೇಲೆ. ಎರಡೂ ಒಟ್ಟಿಗೆ ಆಗುತ್ತವೆ ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ.

ಮಗಳು ಕಸ ಗುಡಿಸಲು ಪೊರಕೆ ತರಲು ಹೋದಳು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

"ಮಾವ, ನಾನು ಪರೀಕ್ಷೆ ಬರೀಬೇಕಿದ್ದಾಗ ಈ ಗರಗಸ ಎಲ್ಲಿತ್ತು?" ಎಂದೆ.

ಕೊಯ್ಯುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡದೆ ಹಲಗೆಯ ಮೇಲಿನ ಮರದ ಪುಡಿಯನ್ನು ಕೈಯಿಂದ ಒರೆಸಿದರು.

"ಇಲ್ಲೇ ಇತ್ತು" ಎಂದರು.

ಆಮೇಲೆ ಮತ್ತೆ ಕೊಯ್ಯತೊಡಗಿದರು. ನಾನು ಹಲಗೆ ಬಿಡಲಿಲ್ಲ.